ಸೆಲ್ಟೆನ್ ಮೇಷ್ಟ್ರಿಗೆ ನನ್ನ ನಮಸ್ಕಾರ

ಕಳೆದ ವಾರ ನನ್ನ ಪಿಎಚ್‌ಡಿ ಮುಗಿಯಿತು. ಆರು ವರ್ಷ ಹಿಡಿಯಿತು. ಮೊದಲ ಧನ್ಯವಾದ ನಾನು ಕಣ್ಣಾರೆ ನೋಡದ ಒಬ್ಬರಿಗೆ. ಅವರು ರೈನ್‌ಹಾರ್ಡ್ ಸೆಲ್ಟೆನ್, ಜರ್ಮನಿಯ ಬಾನ್‌ನಲ್ಲಿ ಅರ್ಥಶಾಸ್ತ್ರದ ಪ್ರೊಫೆಸರ್ ಆಗಿದ್ದವರು. 2016ರಲ್ಲಿ ತೀರಿಕೊಂಡರು.

ನನ್ನ ವಿಷಯ ಗೇಮ್ ಥಿಯರಿ, ಅಂದರೆ ಒಬ್ಬರ ಲಾಭ-ನಷ್ಟ ಇನ್ನೊಬ್ಬರ ನಡೆಯ ಮೇಲೂ ನಿಂತಿರುವಾಗ ಯಾರು ಏನು ಮಾಡಬೇಕು ಎಂಬ ಲೆಕ್ಕ. ಮೂರನೇ ವರ್ಷ ನನ್ನ ಪ್ರಯೋಗ ಕೈಕೊಟ್ಟಿತ್ತು. ಆಟಕ್ಕೆ ಕೂತವರು ಯಾರೂ ಥಿಯರಿ ಹೇಳಿದ ಹಾಗೆ ಆಡಲಿಲ್ಲ. 'ಇದನ್ನು ಬಿಟ್ಟು ಬೇರೆ ವಿಷಯ ನೋಡಿ' ಅಂದರು ಹಿರಿಯರೊಬ್ಬರು. ಎರಡು ತಿಂಗಳು ಆ ಫೈಲ್ ತೆರೆಯುವ ಮನಸ್ಸೇ ಆಗಲಿಲ್ಲ.

ಆಗ ಓದಿದ್ದು ಸೆಲ್ಟೆನ್ ಅವರ 1978ರ ಲೇಖನ. ಒಬ್ಬ ಮಾಲೀಕನಿಗೆ 20 ಊರುಗಳಲ್ಲಿ ಅಂಗಡಿ. ಒಂದಾದ ಮೇಲೊಂದು ಊರಲ್ಲಿ ಹೊಸಬರು ಪೈಪೋಟಿಗೆ ಬರುತ್ತಾರೆ. ಬೆಲೆ ಇಳಿಸಿ ಓಡಿಸಬೇಕಾ, ಸುಮ್ನಿರಬೇಕಾ? ಜಗಳಕ್ಕಿಳಿದರೆ ತನಗೂ ನಷ್ಟ. ಕೊನೆಯ ಊರಲ್ಲಂತೂ ಜಗಳ ದಂಡ, ಹೆದರಿಸಲು ಮುಂದೆ ಯಾರೂ ಇಲ್ಲವಲ್ಲ. 20ನೆಯದರಲ್ಲಿ ಹೇಗೂ ಜಗಳವಿಲ್ಲ ಅಂತಾದರೆ 19ನೆಯದರಲ್ಲೂ ದಂಡ. ಹೀಗೇ ಹಿಂದಕ್ಕೆ ಲೆಕ್ಕ ಹಾಕಿದರೆ ಎಲ್ಲೂ ಜಗಳವಾಡಬಾರದು.

ಈ ಬಗೆಯ ಲೆಕ್ಕಕ್ಕೆ 1965ರಲ್ಲಿ ಗಟ್ಟಿ ತಳಪಾಯ ಹಾಕಿದವರು ಅವರೇ. 1994ರಲ್ಲಿ ಗೇಮ್ ಥಿಯರಿಯ ಇನ್ನಿಬ್ಬರು ದಿಗ್ಗಜರಾದ ಜಾನ್ ನ್ಯಾಶ್, ಜಾನ್ ಹರ್ಸಾನಿ ಜೊತೆ ಅರ್ಥಶಾಸ್ತ್ರದ ನೊಬೆಲ್ ಕೂಡ ಬಂತು. ಆದರೂ ಆ ಲೇಖನದಲ್ಲಿ, ತಾನೇ ಮಾಲೀಕನಾಗಿದ್ದರೆ ಮೊದಲು ಬಂದವರೊಂದಿಗೆ ಜಗಳವಾಡಿ ಮುಂದಿನವರನ್ನು ಹೆದರಿಸುವ ದಾರಿಯನ್ನೇ ಹಿಡಿಯುತ್ತಿದ್ದೆ ಎನ್ನುತ್ತಾರೆ! ತನ್ನದೇ ಲೆಕ್ಕ ಒಂದು ಹೇಳುತ್ತದೆ, ಮನುಷ್ಯ ಇನ್ನೊಂದು ಮಾಡುತ್ತಾನೆ. ಅದನ್ನು ಮುಚ್ಚಿಡದೆ ಬರೆದರು. ಮನುಷ್ಯರು ನಿಜಕ್ಕೂ ಹೇಗೆ ತೀರ್ಮಾನ ಮಾಡುತ್ತಾರೆ ಎಂದು ನೋಡಲು ಬಾನ್‌ನಲ್ಲಿ ಪ್ರಯೋಗಾಲಯವನ್ನೇ ಕಟ್ಟಿದರು. ಅವತ್ತು ರಾತ್ರಿಯೇ ನನ್ನ ಫೈಲ್ ತೆರೆದೆ.

ಆಮೇಲೆ ಅವರ ಬದುಕಿನ ಬಗ್ಗೆ ಓದಿದೆ. 1930ರಲ್ಲಿ, ಆಗ ಜರ್ಮನಿಗೆ ಸೇರಿದ್ದ ಬ್ರೆಸ್ಲಾವ್ ನಗರದಲ್ಲಿ ಹುಟ್ಟಿದರು. ತಂದೆ ಯಹೂದಿ. ಆ ಒಂದೇ ಕಾರಣಕ್ಕೆ ನಾಜಿಗಳ ಕಾಲದಲ್ಲಿ 14ಕ್ಕೇ ಶಾಲೆ ಬಿಡಬೇಕಾಯಿತು. ಮನೆಯವರೊಂದಿಗೆ ನಿರಾಶ್ರಿತರಾಗಿ ಅಲೆದರು, ಹೊಲದಲ್ಲಿ ದುಡಿದರು. ಯುದ್ಧ ಮುಗಿದ ಮೇಲೆ ಮತ್ತೆ ಶಾಲೆಗೆ ಸೇರಿದರು. ದಿನಾ ಗಂಟೆಗಟ್ಟಲೆ ನಡಿಗೆ, ದಾರಿಯುದ್ದಕ್ಕೂ ತಲೆಯಲ್ಲಿ ಗಣಿತ. ನನ್ನ ಎರಡು ತಿಂಗಳ ಕಷ್ಟ ಇದರ ಮುಂದೆ ಏನು ಅಲ್ವಾ?

ಧೈರ್ಯ ಕೊಟ್ಟ ನನ್ನ ಗೈಡ್‌ಗೆ, ರಾತ್ರಿ ಎದ್ದು ಕಾಫಿ ಮಾಡಿಕೊಟ್ಟ ಅಮ್ಮನಿಗೆ ತುಂಬಾ ಋಣಿ. ಮತ್ತೆ, ಭಾನುವಾರವೂ ಲ್ಯಾಬಿಗೆ ಬಂದು ಆಟಕ್ಕೆ ಕೂತ ವಿದ್ಯಾರ್ಥಿಗಳಿಗೆ. ನೀವು ಥಿಯರಿ ಹೇಳಿದ ಹಾಗೆ ಆಡಲಿಲ್ಲ. ನನ್ನ ನಾಲ್ಕನೇ ಅಧ್ಯಾಯ ಪೂರ್ತಿ ಅದರ ಬಗ್ಗೆಯೇ ಇದೆ.