ಕಂಪ್ಯೂಟರ್ ಎಸೆಯುವ ಮುನ್ನ ಒಮ್ಮೆ ಮುಚ್ಚಳ ತೆಗೆಯಿರಿ

ಮಾನ್ಯ ಸಂಪಾದಕರೇ,

ತಿಪಟೂರಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಲಗ್ನಪತ್ರಿಕೆ, ಕರಪತ್ರ, ಕೋರ್ಟಿನ ಅರ್ಜಿ, ವೈಕುಂಠ ಸಮಾರಾಧನೆಯ ಕಾರ್ಡು ಎಲ್ಲವೂ ನನ್ನ ಕೀಲಿಮಣೆ ದಾಟಿಯೇ ಹೋಗುತ್ತವೆ. ಕೆಲವು ತಿಂಗಳಿಂದ ಟೈಪಿಂಗ್ ಕೆಲಸ ತರುವವರ ಜೊತೆಗೆ ಬರೀ ಪ್ರಶ್ನೆ ಹಿಡಿದು ಬರುವವರೂ ಹೆಚ್ಚಾಗಿದ್ದಾರೆ. “ಅಕ್ಕಾ, ನಮ್ಮ ಕಂಪ್ಯೂಟರ್ ಇನ್ನು ನಡೆಯುವುದಿಲ್ಲವಂತೆ, ಹೊಸದೇ ತೆಗೆದುಕೊಳ್ಳಬೇಕಂತೆ, ಹೌದೇ?” ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ, ಅಂದರೆ ಭದ್ರತಾ ಅಪ್‌ಡೇಟ್, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದಿನಿಂದ ಈ ಅಂತೆಕಂತೆ ಊರು ತುಂಬ ಓಡಾಡುತ್ತಿದೆ.

ಒಬ್ಬೊಬ್ಬರ ಮನೆಯ ಮಾತಾಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ನವೆಂಬರ್‌ನಲ್ಲಿ ಹತ್ತಿರದ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯ ಮುಖ್ಯ ಶಿಕ್ಷಕರು ಒಂದು ಕೊಟೇಶನ್ ಹಿಡಿದು ಅಂಗಡಿಗೆ ಬಂದರು. ಹತ್ತು ಹೊಸ ಕಂಪ್ಯೂಟರ್, ಒಟ್ಟು ನಾಲ್ಕು ಲಕ್ಷದ ಅರವತ್ತು ಸಾವಿರ ರೂಪಾಯಿ. ಹಳೆಯ ವಿದ್ಯಾರ್ಥಿಗಳು ಕೂಡಿಸಿಕೊಟ್ಟ ಹಣವನ್ನು ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ಅದಕ್ಕೇ ಸುರಿಯಲು ಹೊರಟಿದ್ದರು. ಮೇಷ್ಟ್ರು ಬಂದದ್ದು ಆ ಕೊಟೇಶನ್ನಿನ ಎರಡು ಪ್ರತಿ ಜೆರಾಕ್ಸ್ ಮಾಡಿಸಲು, ಅಷ್ಟೇ. ನನಗೆ ಸುಮ್ಮನಿರಲಾಗದೆ, “ಸರ್, ಹಳೆಯವು ಎಷ್ಟು ಹಳೆಯವು?” ಎಂದು ಕೇಳಿದೆ. “ಬಹಳ ಸ್ಲೋ ಮೇಡಂ, ಹೋಗಿಬಿಟ್ಟಿವೆ” ಎಂದರು. ಸ್ಲೋ ಆಗುವುದಕ್ಕೂ ಹೋಗಿಬಿಡುವುದಕ್ಕೂ ಬಹಳ ವ್ಯತ್ಯಾಸವಿದೆ. ಭಾನುವಾರ ಅಂಗಡಿ ಮುಚ್ಚಿ, ಸ್ಕ್ರೂಡ್ರೈವರ್ ಮತ್ತು ಪೇಂಟ್ ಬ್ರಷ್ ಚೀಲಕ್ಕೆ ಹಾಕಿಕೊಂಡು ಶಾಲೆಗೆ ಹೋದೆ.

ಮೊದಲನೆಯದನ್ನು ಆನ್ ಮಾಡಿ ಮೊಬೈಲಿನಲ್ಲಿ ಸಮಯ ಹಿಡಿದೆ. ಮೇಷ್ಟ್ರು ತರಿಸಿದ ಕಾಫಿ ಕುಡಿದು ಮುಗಿದರೂ ಪರದೆಯ ಮೇಲೆ ಬಿಳಿ ಚುಕ್ಕೆಗಳು ಗಿರಕಿ ಹೊಡೆಯುತ್ತಲೇ ಇದ್ದವು. ಕೆಲಸ ಶುರುಮಾಡುವ ಸ್ಥಿತಿಗೆ ಬರಲು 4 ನಿಮಿಷ 10 ಸೆಕೆಂಡು ಹಿಡಿಯಿತು. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದೆ. ಆಗ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಯಾವ ಮೆಕ್ಯಾನಿಕ್‌ಗೂ ದುಡ್ಡು ಕೊಡದೆ ಯಾರು ಬೇಕಾದರೂ ಮಾಡಬಹುದಾದ ತಪಾಸಣೆ ಇದು. ಅದರಲ್ಲಿ ಪ್ರೊಸೆಸರ್, ಅಂದರೆ ಕಂಪ್ಯೂಟರ್‌ನ ಮಿದುಳು, ನೂರಕ್ಕೆ 9ರಷ್ಟು ಮಾತ್ರ ದುಡಿಯುತ್ತಿತ್ತು. ಡಿಸ್ಕ್ ಎಂಬ ಕಾಲಂ 100ಕ್ಕೆ ಏರಿ ಇಳಿಯಲೊಲ್ಲದೆ ನಿಂತಿತ್ತು. ಹೊಸ ಕಂಪ್ಯೂಟರ್ ಎಂದರೆ ಜನರ ಮನಸ್ಸಿನಲ್ಲಿ ಹೊಸ ಪ್ರೊಸೆಸರ್. ಇಲ್ಲಿ ಆ ಪ್ರೊಸೆಸರ್ ಕೈಕಟ್ಟಿ ಕೂತಿತ್ತು.

ಯಾಕೆ ಹೀಗೆ ಎಂದು ಮೇಷ್ಟ್ರಿಗೆ ತಾಲ್ಲೂಕು ಕಚೇರಿಯ ಲೆಕ್ಕದಲ್ಲಿ ಹೇಳಿದೆ. ಕಡತಗಳನ್ನೆಲ್ಲ ಇಟ್ಟುಕೊಳ್ಳುವ ಹಳೆಯ ಹಾರ್ಡ್ ಡಿಸ್ಕ್ ಒಳಗೆ ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆ ಇರುತ್ತದೆ, ಅದರ ಮೇಲೆ ಅತ್ತಿತ್ತ ಓಡಾಡುವ ಒಂದು ತೋಳು ಇರುತ್ತದೆ. ವಿಂಡೋಸ್ ಶುರುವಾಗುವಾಗ ಸಾವಿರಾರು ಚಿಕ್ಕ ಚಿಕ್ಕ ಕಡತ ಕೇಳುತ್ತದೆ. ಒಂದೊಂದಕ್ಕೂ ತೋಳು ಎದ್ದು ಹೋಗಬೇಕು, ಪ್ರತಿ ಸಲ ಸುಮಾರು ಹತ್ತು ಮಿಲಿಸೆಕೆಂಡು. ಸಾಹೇಬರು ಕಾಗದ ಕೇಳಿದಾಗಲೆಲ್ಲ ರೆಕಾರ್ಡ್ ರೂಮಿಗೆ ಹೋಗಿಬರುವ ಜವಾನನ ಪಾಡು ಅದು. ಸಾಹೇಬರನ್ನು ವರ್ಗ ಮಾಡಿ ಚುರುಕಾದವರನ್ನು ತಂದರೆ ಕಾಗದ ಬೇಗ ಬರುತ್ತದೆಯೇ? ಹಾರ್ಡ್ ಡಿಸ್ಕಿನ ಬದಲು ಹಾಕುವ, ಚಿಪ್ಪಿನಲ್ಲೇ ಕಡತ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಕೇಳಿದ ಕಾಗದ ಕೇಳಿದ ಕ್ಷಣಕ್ಕೆ ಮೇಜಿನ ಮೇಲಿರುತ್ತದೆ.

ನನ್ನ ಅಂಗಡಿಯಲ್ಲಿದ್ದ 240 ಜಿಬಿಯ ಒಂದು ಎಸ್‌ಎಸ್‌ಡಿಯನ್ನು ಜೋಡಿಸಿ, ಹಳೆಯ ಡಿಸ್ಕಿನ ನಕಲು ಇಳಿಸಲು ಬಿಟ್ಟು, ಅಷ್ಟರಲ್ಲಿ ಉಳಿದವುಗಳ ಧೂಳು ಹೊಡೆದೆ. ಒಂದರ ಫ್ಯಾನಿನ ರೆಕ್ಕೆಗಳ ನಡುವೆ ಹತ್ತಿಯ ದಿಂಬಿನಷ್ಟು ಧೂಳು, ಜೊತೆಗೆ ಒಂದು ಹಲ್ಲಿಯ ಅಸ್ಥಿಪಂಜರ. ಒಂದೂವರೆ ಗಂಟೆಯ ನಂತರ ಮೊದಲನೆಯದನ್ನು ಮತ್ತೆ ಆನ್ ಮಾಡಿದಾಗ 24 ಸೆಕೆಂಡಿಗೆ ಸಿದ್ಧವಾಯಿತು. ಮೇಷ್ಟ್ರು ಇನ್ನೊಮ್ಮೆ ಆಫ್ ಮಾಡಿಸಿ ತಮ್ಮ ಕೈಗಡಿಯಾರದಲ್ಲಿ ನೋಡಿದರು. ಮತ್ತೆ 24.

ಕೊನೆಗೆ ಹತ್ತರಲ್ಲಿ ಎಂಟು ಕಂಪ್ಯೂಟರ್‌ಗೆ ತಲಾ 1,800 ರೂಪಾಯಿಯ ಎಸ್‌ಎಸ್‌ಡಿ, ಒಂದಕ್ಕೆ ಹೊಸ ಪವರ್ ಸಪ್ಲೈ, ನಾಲ್ಕಕ್ಕೆ ಕಾಯಿನ್ ಸೆಲ್ ಹಾಕಿ, ಹದಿನಾರು ಸಾವಿರ ದಾಟಲಿಲ್ಲ. ಮಿಕ್ಕ ಹಣದಲ್ಲಿ ಒಂದು ಪ್ರೊಜೆಕ್ಟರ್ ಮತ್ತು ಯುಪಿಎಸ್ ತೆಗೆದುಕೊಳ್ಳುವ ಮಾತು ನಡೆದಿದೆ.

ಇದರರ್ಥ ಎಸ್‌ಎಸ್‌ಡಿ ಸರ್ವರೋಗಕ್ಕೂ ಮದ್ದು ಎಂದಲ್ಲ. ಅಂಗಡಿಯವರು ತಕ್ಷಣ ಎನ್‌ವಿಎಂಇ ಎಂಬ ಇನ್ನೂ ವೇಗದ ಡಿಸ್ಕಿನ ಕಡೆಗೆ ಕೈ ತೋರಿಸುತ್ತಾರೆ. ಸಾಮಾನ್ಯ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದಿದರೆ ಇದು 3,500 ಓದುತ್ತದೆ ಎನ್ನುತ್ತಾರೆ, ಸುಳ್ಳಲ್ಲ. ದೊಡ್ಡ ದೊಡ್ಡ ವಿಡಿಯೋ ಹೊತ್ತು ಹಾಕುವವರಿಗೆ ಅದು ಬೇಕು. ನನ್ನಂತೆ ಅರ್ಜಿ ಟೈಪ್ ಮಾಡುವವರಿಗೆ ಎರಡರ ನಡುವಿನ ಅಂತರ ಕಣ್ಣಿಗೇ ಬೀಳುವುದಿಲ್ಲ. ಇನ್ನು ಆನ್‌ಲೈನಿನಲ್ಲಿ ಏಳುನೂರು ರೂಪಾಯಿಗೆ 2 ಟಿಬಿ ಎಂದು ಬರುವ ಮಾಲನ್ನು ದಯವಿಟ್ಟು ಮುಟ್ಟಬೇಡಿ. ತೋರಿಸುವುದು 2 ಟಿಬಿ, ಒಳಗಿರುವುದು ಒಂದು ಪೆನ್‌ಡ್ರೈವ್‌ನಷ್ಟು, ತುಂಬಿದ ಮೇಲೆ ಹಳೆಯ ಕಡತಗಳನ್ನೇ ನುಂಗುತ್ತದೆ. ಮತ್ತು ಎಸ್‌ಎಸ್‌ಡಿ ಕೆಡುವಾಗ ಹಾರ್ಡ್ ಡಿಸ್ಕಿನಂತೆ ಕಟಕಟ ಸದ್ದು ಮಾಡಿ ಮುನ್ಸೂಚನೆ ಕೊಡುವುದು ಕಡಿಮೆ, ಒಂದು ಬೆಳಿಗ್ಗೆ ಸುಮ್ಮನೆ ಮೌನವಾಗಿಬಿಡುತ್ತದೆ. ಅದಕ್ಕೇ ತೆಗೆದ ಹಾರ್ಡ್ ಡಿಸ್ಕನ್ನು ನಾನು ಗುಜರಿಗೆ ಕೊಡುವುದಿಲ್ಲ. ಅದೇ ಡಬ್ಬದೊಳಗೆ ಎರಡನೆಯದಾಗಿ ಜೋಡಿಸಿ, ಕೆಲಸದ ಒಂದು ಪ್ರತಿಯನ್ನು ಸಂಜೆ ಅದಕ್ಕೆ ಇಳಿಸಿಡುತ್ತೇನೆ.

ನಾನೇನೂ ಹುಟ್ಟಾ ಜಾಣೆಯಲ್ಲ. 1999ರಲ್ಲಿ ಸಾಲ ಮಾಡಿ 42,000 ರೂಪಾಯಿಗೆ ಕೊಂಡ ಮೊದಲ ಕಂಪ್ಯೂಟರ್‌ನಲ್ಲಿ 32 ಎಂಬಿ ರ‍್ಯಾಮ್ (ತೆರೆದ ಕೆಲಸವನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ) ಇತ್ತು. ಅದಾದ ಮೇಲೆ ಯಾರು ಏನು ಹೇಳಿದರೂ ನಂಬಿ ಹಣ ಹಾಕಿದ್ದೇನೆ. 2014ರಲ್ಲಿ ಒಬ್ಬ ಮಾರಾಟಗಾರ, “ಡಿಸೈನ್ ಕೆಲಸ ಮಾಡುತ್ತೀರಿ, ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಹೇಗೆ?” ಎಂದ. 6,500 ರೂಪಾಯಿ ಎಣಿಸಿಕೊಟ್ಟೆ. ನನ್ನ ಮುಕ್ಕಾಲು ಪಾಲು ಕೆಲಸ ನಡೆಯುವುದು ಕನ್ನಡ ಟೈಪಿಂಗ್‌ನ ನುಡಿ ಮತ್ತು ಪುಟ ವಿನ್ಯಾಸದ ಪೇಜ್‌ಮೇಕರ್‌ನಲ್ಲಿ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದೇ 2001ರಲ್ಲಿ. ಆಟ, ವಿಡಿಯೋಗಳ ಚಿತ್ರ ಮೂಡಿಸುವ ಆ ಕಾರ್ಡಿಗೆ ಅಲ್ಲಿ ಮಾಡಲು ಏನೂ ಕೆಲಸವಿರಲಿಲ್ಲ. ಅಕ್ಷರ ಮೊದಲಿನಂತೆಯೇ ಮೂಡುತ್ತಿತ್ತು, ಫ್ಯಾನಿನ ಸದ್ದು ಮಾತ್ರ ಜಾಸ್ತಿಯಾಯಿತು.

ಆಮೇಲೆ 2017ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 2,200 ರೂಪಾಯಿಗೆ ಒಂದು ಸೆಕೆಂಡ್‌ಹ್ಯಾಂಡ್ ಮಾನಿಟರ್ ತಂದೆ. ವೇಗಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ಜನ ಈಗ ಕೈಬರಹವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ಎಡಗಡೆ ಪರದೆಯಲ್ಲಿ ಅದನ್ನು ತೆರೆದಿಟ್ಟು ಬಲಗಡೆ ಟೈಪ್ ಮಾಡುತ್ತೇನೆ. ಮೊದಲು ಪ್ರತಿಯೊಂದನ್ನೂ ಪ್ರಿಂಟ್ ತೆಗೆದು ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದೆ. ಲಗ್ನಪತ್ರಿಕೆಯಲ್ಲಿ ಸೋದರಮಾವನ ಹೆಸರು ಬಿಟ್ಟುಹೋಗಿ ಆಗುತ್ತಿದ್ದ ಜಗಳಗಳೂ ಕಡಿಮೆಯಾಗಿವೆ. ಹಾಗೆಯೇ ಟಿವಿಎಸ್ ಗೋಲ್ಡ್ ಕೀಲಿಮಣೆ. ಟೈಪ್‌ರೈಟರ್‌ನಲ್ಲಿ ಪಳಗಿದ ಬೆರಳಿಗೆ ಅದರ ಟಕಟಕವೇ ಹಿತ. ಆ ಕೀಲಿಮಣೆಗೆ ಕೊಟ್ಟ ಪ್ರತಿ ರೂಪಾಯಿಯೂ ಹನ್ನೊಂದು ವರ್ಷದಿಂದ ದುಡಿಯುತ್ತಿದೆ. ದಿನಕ್ಕೆ ಹತ್ತು ಗಂಟೆ ಮುಟ್ಟುವ, ನೋಡುವ ವಸ್ತುವಿಗೆ ಹಾಕಿದ ಹಣ ನನಗಂತೂ ಎಂದೂ ನಷ್ಟವಾಗಿಲ್ಲ.

ಕಾಯಿನ್ ಸೆಲ್ ಎಂದೆನಲ್ಲ, ಅದರ ಕಥೆ ಹೇಳಲೇಬೇಕು. ಕೊಬ್ಬರಿ ವ್ಯಾಪಾರದ ಹಿರಿಯರೊಬ್ಬರು ಮಗನ ಬೈಕಿನ ಹಿಂದೆ ಕಂಪ್ಯೂಟರ್ ಡಬ್ಬ ತಬ್ಬಿಕೊಂಡು ಬಂದರು. “ನೋಡಮ್ಮ, ಬ್ಯಾಂಕಿನ ಪುಟ ತೆರೆಯುತ್ತಿಲ್ಲ, ಬಿಲ್ಲಿನಲ್ಲೆಲ್ಲ ತಾರೀಕು ತಪ್ಪು ಬರುತ್ತಿದೆ. ಮದರ್‌ಬೋರ್ಡ್ ಹೋಗಿದೆ, ಹೊಸದಕ್ಕೆ ಮೂವತ್ತೆಂಟು ಸಾವಿರ ಆಗುತ್ತದೆ ಎಂದು ಹೇಳಿದ್ದಾರೆ.” ಆನ್ ಮಾಡಿದರೆ ಮೂಲೆಯಲ್ಲಿ ತಾರೀಕು 2010ರ ಜನವರಿ 1. ಕಂಪ್ಯೂಟರ್ ಆಫ್ ಆದಾಗಲೂ ಗಡಿಯಾರ ನಡೆಸಲು ಮದರ್‌ಬೋರ್ಡ್ ಎಂಬ ಮುಖ್ಯ ಹಲಗೆಯ ಮೇಲೆ ಸಿಆರ್2032 ಎಂಬ ಬಿಲ್ಲೆಯಂಥ ಸೆಲ್ ಇರುತ್ತದೆ. ಅದು ಸತ್ತರೆ ಕಂಪ್ಯೂಟರ್ ತಾನು ಹುಟ್ಟಿದ ಕಾಲಕ್ಕೆ ಹಿಂತಿರುಗುತ್ತದೆ. ತಾರೀಕು ತಪ್ಪಿದ್ದರೆ ಬ್ಯಾಂಕಿನ ಭದ್ರತಾ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲ ಎಂದು ಬ್ರೌಸರ್ ಬಾಗಿಲು ಹಾಕಿಬಿಡುತ್ತದೆ. ಎದುರಿನ ಗಡಿಯಾರದಂಗಡಿಯಿಂದ 40 ರೂಪಾಯಿಯ ಸೆಲ್ ತರಿಸಿ ಹಾಕಿದೆ. ಹಿರಿಯರು ನಗಲಿಲ್ಲ, ಸಿಟ್ಟಾದರು. ನನ್ನ ಮೇಲಲ್ಲ. ಮರುದಿನ ಒಂದು ಚೀಲ ಎಳನೀರು ಕಳಿಸಿದ್ದರು.

ಆನ್ ಆಗದೆ ಬರೀ ಬೀಪ್ ಎನ್ನುವ ಕಂಪ್ಯೂಟರ್‌ಗೂ ಇಂಥದೇ ಮನೆಮದ್ದು ಇದೆ. ರ‍್ಯಾಮ್ ಕಿತ್ತು, ಅದರ ಹಳದಿ ಹಲ್ಲುಗಳನ್ನು ಮಕ್ಕಳ ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿ. ಎಷ್ಟೋ ಸಲ ಅಷ್ಟಕ್ಕೇ ಏಳುತ್ತದೆ.

ರ‍್ಯಾಮ್ ಹೆಚ್ಚಿಸುವುದು ಯಾವಾಗ ಸರಿ ಎನ್ನುವುದಕ್ಕೂ ಅದೇ ಟಾಸ್ಕ್ ಮ್ಯಾನೇಜರ್ ಸಾಕ್ಷಿ. ನಿಮ್ಮ ನಿತ್ಯದ ಕೆಲಸವನ್ನೆಲ್ಲ ತೆರೆದಿಟ್ಟುಕೊಂಡು ಮೆಮೊರಿ ಕಾಲಂ ನೋಡಿ. ತೊಂಬತ್ತರ ಆಚೆಗೇ ನಿಂತಿದ್ದರೆ 4 ಜಿಬಿಯಿಂದ 8ಕ್ಕೆ ಹೋಗುವುದು ಸಾರ್ಥಕ. ಅರವತ್ತರಲ್ಲಿದ್ದರೆ 16 ಹಾಕಿಸಿದರೂ ಆ ಜಾಗ ಖಾಲಿ ಬಿದ್ದಿರುತ್ತದೆ. ಕೊಳ್ಳುವ ಮುನ್ನ ಹಳೆಯದನ್ನು ಕಿತ್ತು ಜೊತೆಗೇ ಒಯ್ಯಿರಿ. ರ‍್ಯಾಮ್‌ನ ತಲೆಮಾರುಗಳಾದ ಡಿಡಿಆರ್3ಕ್ಕೂ ಡಿಡಿಆರ್4ಕ್ಕೂ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಅಲ್ಲಿ ಹೆಚ್ಚಿಸುವ ಮಾತೇ ಇಲ್ಲ. ಈಗಂತೂ ಕಾಲ ಚೆನ್ನಾಗಿಲ್ಲ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯಿಂದ ರ‍್ಯಾಮ್ ಬೆಲೆ ಗಗನಕ್ಕೇರಿದೆ. ನಾವು ಇಷ್ಟು ವರ್ಷ ಕೊಳ್ಳುತ್ತಿದ್ದ ಕ್ರೂಶಿಯಲ್ ಹೆಸರಿನ ರ‍್ಯಾಮ್ ವ್ಯಾಪಾರದಿಂದ ಹೊರಬರುವುದಾಗಿ ಮೈಕ್ರಾನ್ ಕಂಪನಿ ಆ ಡಿಸೆಂಬರ್‌ನಲ್ಲಿ ಘೋಷಿಸಿತು. ಮೆಮೊರಿ ಕಾಲಂ ನೋಡದೆ ರ‍್ಯಾಮ್ ಕೊಳ್ಳುವುದು ಇಂದು ಎರಡು ಪಟ್ಟು ದಡ್ಡತನ.

ವಿಂಡೋಸ್ 11ರ ಪ್ರಶ್ನೆ ಮಾತ್ರ ಉಳಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನ ಪ್ರೊಸೆಸರ್ ಬೇಕು. ಶಾಲೆಯವು ನಾಲ್ಕನೆಯ ತಲೆಮಾರಿನವು, ಎಸ್‌ಎಸ್‌ಡಿ ಹಾಕಿದ ಮಾತ್ರಕ್ಕೆ ಅದು ಬದಲಾಗುವುದಿಲ್ಲ. ಮನೆಯ ಕಂಪ್ಯೂಟರ್‌ಗಳಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಮುಂದುವರಿಸಿಕೊಳ್ಳುವ ಅವಕಾಶವನ್ನು ಮೈಕ್ರೋಸಾಫ್ಟ್ ಕೊಟ್ಟಿದೆ. ಶಾಲೆಯವುಗಳಿಗೆ ನಾವು ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಹಾಕಿದೆವು. ಖರ್ಚು ಸೊನ್ನೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಅದರಲ್ಲೇ ಪಾಠ ಮಾಡುತ್ತಿವೆ. ನಾವು ಕೆ.ಪಿ. ರಾವ್ ವಿನ್ಯಾಸ ಎನ್ನುವ ಕನ್ನಡ ಕೀಲಿಮಣೆಯೂ ಅದರಲ್ಲಿ ಸಿಗುತ್ತದೆ, ಪತ್ರ, ಲೆಕ್ಕಪಟ್ಟಿ ಮಾಡುವ ಲಿಬ್ರೆ ಆಫೀಸ್ ಉಚಿತ. ನನ್ನ ಅಂಗಡಿಗೆ ಅದು ಒಗ್ಗುವುದಿಲ್ಲ, ಪೇಜ್‌ಮೇಕರ್ ಬಿಟ್ಟು ನನಗೆ ಗತಿಯಿಲ್ಲ. ಹಾಗಾಗಿ ಪೇಜ್‌ಮೇಕರ್ ಇರುವ ಆ ಒಂದು ಕಂಪ್ಯೂಟರ್‌ನ ಇಂಟರ್ನೆಟ್ ತಂತಿ ಕಿತ್ತುಹಾಕಿ, ಗ್ರಾಹಕರ ಪೆನ್‌ಡ್ರೈವ್ ಅದಕ್ಕೆ ಚುಚ್ಚದಂತೆ ನೋಡಿಕೊಳ್ಳುತ್ತಿದ್ದೇನೆ.

ಹೊಸದು ಕೊಳ್ಳಲೇಬೇಡಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಬೀದಿಯ ವಕೀಲರೊಬ್ಬರ ಕಂಪ್ಯೂಟರ್ ಡಿಡಿಆರ್2 ಕಾಲದ್ದು, ಮದರ್‌ಬೋರ್ಡಿನ ಕೆಪಾಸಿಟರ್‌ಗಳು ಪೂರಿಯಂತೆ ಉಬ್ಬಿದ್ದವು. ಒಂದು ರೂಪಾಯಿಯನ್ನೂ ಹಾಕಬೇಡಿ, ಹೊಸದು ತನ್ನಿ ಎಂದು ನಾನೇ ಹೇಳಿದೆ. ನನ್ನ ಲೆಕ್ಕ ಇಷ್ಟೇ. ರಿಪೇರಿಯ ಖರ್ಚು ಹೊಸದರ ಬೆಲೆಯ ಮೂರರಲ್ಲೊಂದು ಪಾಲು ದಾಟಿದರೆ ಕೈ ಎತ್ತುತ್ತೇನೆ.

ನಮ್ಮ ಜಿಲ್ಲೆಯ ಎಸ್‌ಡಿಎಂಸಿ ಸದಸ್ಯರು ಈ ಪತ್ರಿಕೆ ಓದುತ್ತಾರೆ ಎಂಬ ನಂಬಿಕೆಯಿಂದ ಇಷ್ಟು ಉದ್ದ ಬರೆದೆ. ಕೊಟೇಶನ್‌ಗೆ ಸಹಿ ಹಾಕುವ ಮುನ್ನ ಕಂಪ್ಯೂಟರ್ ಎಲ್ಲಿ ಕಾಯಿಸುತ್ತಿದೆ ಎಂದು ಯಾರಾದರೂ ಹತ್ತು ನಿಮಿಷ ಕೂತು ನೋಡಲಿ. ಹೊಸದನ್ನು ಮಾರುವವರನ್ನೇ ಆ ಪ್ರಶ್ನೆ ಕೇಳಬೇಡಿ.

ಆ ಶಾಲೆಯಲ್ಲಿ ಇನ್ನೆರಡು ಕಂಪ್ಯೂಟರ್ ಬಟ್ಟೆ ಹೊದ್ದು ಕೂತಿವೆ. ಅವುಗಳಲ್ಲಿ 2 ಜಿಬಿ ರ‍್ಯಾಮ್ ಮಾತ್ರ ಇದೆ, ಈಗಿನ ಬೆಲೆಯಲ್ಲಿ ಕೊಳ್ಳಲು ನಾನೇ ಬೇಡ ಎಂದಿದ್ದೇನೆ. ಯಾರ ಮನೆಯ ಅಟ್ಟದ ಮೇಲಾದರೂ ಕೆಟ್ಟ ಡೆಸ್ಕ್‌ಟಾಪ್ ಇದ್ದು, ಅದರಲ್ಲಿ 4 ಜಿಬಿಯ ಡಿಡಿಆರ್3 ರ‍್ಯಾಮ್ ಇದ್ದರೆ ತಮ್ಮ ಊರಿನ ಇಂಥ ಶಾಲೆಗೆ ಕೊಡಲಿ. ಯಾವ ಕಂಪನಿಯದಾದರೂ ಆದೀತು, ಕಚ್ಚು ಮಾತ್ರ ಸರಿಯಿರಬೇಕು.

ಇತಿ,
ಡಿಟಿಪಿ ಅಂಗಡಿಯ ಓದುಗಾರ್ತಿ
ತಿಪಟೂರು