ಈ ಬಿಸಿಲಲ್ಲೂ ಜೇನು ನಿಲ್ಲುತ್ತೆ ದೋಸ್ತ

ದೋಸ್ತ,

"ಕುಷ್ಟಗಿ ಬಿಸಿಲಲ್ಲಿ ಜೇನು ಸಾಕ್ತೀಯಾ, ತಲೆ ನೆಟ್ಟಗಿದೆಯಾ" ಅಂತ ಫೋನಲ್ಲಿ ನಕ್ಕೆಯಲ್ಲ, ಅದಕ್ಕೇ ಈ ಪತ್ರ. ನೀನು ಶಿರಸಿಯವನು, ಅಡಿಕೆ ತೋಟದ ನೆರಳಲ್ಲಿ ಪೆಟ್ಟಿಗೆ ನೋಡುತ್ತಲೇ ಬೆಳೆದವನು. ಹಸಿರು ಇದ್ದಲ್ಲಿ ಜೇನು ಅನ್ನೋದು ನಿನ್ನ ಲೆಕ್ಕ. ಇಲ್ಲಿ ಆ ಲೆಕ್ಕ ನಡೆಯಲ್ಲ.

ಗಂಗಾವತಿ ಕಡೆ ಬಂದಿದ್ದೀಯಲ್ಲ. ತುಂಗಭದ್ರಾ ಕಾಲುವೆ ನೀರು, ಎತ್ತ ನೋಡಿದರೂ ಭತ್ತ. ಪೆಟ್ಟಿಗೆ ಇಟ್ಟರೆ ಅಲ್ಲೇ ಇಡಬೇಕು ಅನಿಸುತ್ತೆ. ಆದರೆ ಭತ್ತದ ಹೂವಲ್ಲಿ ಮಕರಂದವೇ ಇಲ್ಲ, ಅದರ ಪರಾಗಸ್ಪರ್ಶ ಬಹುಪಾಲು ಆಯಾ ಹೂವಿನೊಳಗೇ ಮುಗಿದು ಹೋಗುತ್ತೆ, ನೊಣ ಬೇಕಾಗಿಲ್ಲ. ಮೇಲಿಂದ ಔಷಧಿ ಹೊಡೆಯೋದು ಬೇರೆ. ನಮ್ಮ ಒಣಭೂಮಿಯಲ್ಲಿ ನೋಡು, ಬೇವು, ಹೊಂಗೆ, ಹುಣಸೆ, ಸೂರ್ಯಕಾಂತಿ, ಎಳ್ಳು, ತೊಗರಿ, ಒಂದಲ್ಲ ಒಂದು ಹೂವಲ್ಲಿರುತ್ತೆ. ಅದೆಲ್ಲಕ್ಕಿಂತ ದೊಡ್ಡ ಆಸರೆ ಬಳ್ಳಾರಿ ಜಾಲಿ. ಹೊಲಕ್ಕೆ ನುಗ್ಗುತ್ತೆ, ಟೈರಿಗೆ ಮುಳ್ಳು ಚುಚ್ಚುತ್ತೆ ಅಂತ ಊರೆಲ್ಲ ಬೈಯುತ್ತೆ, ನಾನೂ ಬೈದವನೇ, ಆದರೆ ಬೇಸಿಗೆಯಲ್ಲಿ ಉಳಿದದ್ದೆಲ್ಲ ಒಣಗಿ ನಿಂತಾಗ ಮಕರಂದ, ಪರಾಗ ಎರಡನ್ನೂ ಕೊಡೋದು ಅದೇ. ಹಾಗಂತ ಯಾರೂ ಅದನ್ನ ನೆಡಬೇಕಿಲ್ಲ, ಇರೋದೇ ಜಾಸ್ತಿಯಾಗಿದೆ.

ಅಂದಹಾಗೆ ನಮ್ಮ ಕೊಪ್ಪಳ ಜಿಲ್ಲೆಗೆ ಜೇನು ಹೊಸದೇನಲ್ಲ. ಆನೆಗೊಂದಿಯೇ ಕಿಷ್ಕಿಂಧೆ ಅಂತಾರಲ್ಲ, ಸೀತೆಯ ಸುದ್ದಿ ಸಿಕ್ಕ ಖುಷಿಯಲ್ಲಿ ಕಪಿಗಳು ಸುಗ್ರೀವನ ಮಧುವನ ಲೂಟಿ ಹೊಡೆದದ್ದೂ ಇಲ್ಲೇ ಆಗಬೇಕು!

ನಾನು ತಂದದ್ದು ತುಡುವೆ, ನಮ್ಮ ನಾಡಿನದೇ ಜೇನು. ಯುರೋಪಿನ ಮೆಲ್ಲಿಫೆರಾ ಜೇನು ತುಪ್ಪ ಜಾಸ್ತಿ ಕೊಡುತ್ತೆ ನಿಜ, ಆದರೆ ಹೂವು ಹುಡುಕಿಕೊಂಡು ಪೆಟ್ಟಿಗೆ ಹೊತ್ತು ತಿರುಗಬೇಕು, ನುಸಿ ಕಾಟಕ್ಕೆ ಔಷಧಿ ನೋಡಬೇಕು. ಒಂದೇ ಪೆಟ್ಟಿಗೆಯವನಿಗೆ ಅದೆಲ್ಲ ಯಾಕೆ? 1991-92ರ ಸುಮಾರಿಗೆ ಮರಿಗಳನ್ನ ಕೊಲ್ಲೋ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ವೈರಸ್ ರೋಗ ಬಂದು ದಕ್ಷಿಣದ ತುಡುವೆ ಕುಟುಂಬಗಳು ಬಹುಪಾಲು ಸತ್ತಾಗ ನಿಮ್ಮನೆಯ ಖಾಲಿ ಪೆಟ್ಟಿಗೆಗಳೂ ಅಟ್ಟ ಸೇರಿದ್ದವು ಅಂತ ನೀನೇ ಹೇಳಿದ್ದೆ. ನೆನಪಿದೆ. ಆದರೂ ಅದನ್ನೇ ತಂದೆ.

ತುಡುವೆಗೆ ಒಂದೇ ಚಾಳಿ. ಸರಿಬರಲಿಲ್ಲ ಅಂದರೆ ಇಡೀ ಕುಟುಂಬ ಎದ್ದು ಹೊರಟುಬಿಡುತ್ತೆ. ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ, ಒಳಗೆ ಮರಿಗಳಿಗೆ ಬೇಕಾದದ್ದು 34-35. ಅದಕ್ಕೇ ನೊಣಗಳು ನೀರು ತಂದು ಮೇಣದ ಎರಿ (ಗೂಡಿನ ಹಲ್ಲೆ) ಮೇಲೆ ಹರಡಿ, ರೆಕ್ಕೆ ಬೀಸಿ ಬೀಸಿ ಆರಿಸ್ತಾವೆ. ನಾವು ಏರ್ ಕೂಲರಿಗೆ ದುಡ್ಡು ಸುರಿಯೋ ಕೆಲಸ! ಹಾಗಾಗಿ ಬೇಸಿಗೆ ಪೂರ್ತಿ ನನ್ನ ಕೆಲಸ ನೀರು ನೋಡೋದೇ. ಅಗಲವಾದ ಮಣ್ಣಿನ ತಟ್ಟೆ, ಅದರಲ್ಲಿ ಕೂರೋಕೆ ಕಲ್ಲು, ಇಲ್ಲದಿದ್ದರೆ ಮುಳುಗಿ ಸಾಯ್ತಾವೆ. ಪೆಟ್ಟಿಗೆ ಬೇವಿನ ಮರದ ಕೆಳಗೆ, ಬಾಗಿಲು ಮೂಡಣಕ್ಕೆ, ಮಧ್ಯಾಹ್ನ ಮೇಲೊಂದು ಒದ್ದೆ ಗೋಣಿಚೀಲ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು, ಇರುವೆಗೆ. ಸೆಖೆಯ ಸಂಜೆ ನೊಣಗಳು ಬಾಗಿಲ ಹೊರಗೆ ಗುಂಪಾಗಿ ಜೋತು ಬಿದ್ದಿರ್ತಾವೆ. ನಮ್ಮಪ್ಪ ನೋಡಿ "ಹೊರಟವು ನೋಡು" ಅಂದ. ಎಲ್ಲಿಗೂ ಹೊರಟಿಲ್ಲ, ಅಂಗಳದಲ್ಲಿ ಹೊರಸು ಹಾಕ್ಕೊಂಡು ನಾವೂ ಮಲಗ್ತೀವಲ್ವಾ.

ಸುಮ್ನೆ ಸುಮ್ನೆ ತೆರೆದು ನೋಡೋ ಆಸೆ ಮಾತ್ರ ಕಟ್ಟಿ ಹಾಕಬೇಕು. ತೆರೆಯೋದಾದರೆ ಬೆಳಗ್ಗೆ ತಂಪಿನಲ್ಲಿ, ಎರಿ ನೆಟ್ಟಗೆ ಹಿಡಿದು. ಬಿಸಿಲಿಗೆ ಮೇಣ ಮೆತ್ತಗಾಗಿರುತ್ತೆ, ಓರೆ ಮಾಡಿದರೆ ಮುರಿದು ಬೀಳುತ್ತೆ. ರಾಣಿಯನ್ನ ಹುಡುಕುತ್ತಾ ನಿಲ್ಲೋದೂ ಬೇಡ. ಮೊಟ್ಟೆ ಮೂರು ದಿನಕ್ಕೆ ಒಡೆಯುತ್ತೆ, ಹಾಗಾಗಿ ಕೋಣೆಯ ತಳದಲ್ಲಿ ಸಣ್ಣ ಬಿಳಿ ಮೊಟ್ಟೆ ಕಂಡರೆ ಮೂರು ದಿನದೊಳಗೆ ರಾಣಿ ಅಲ್ಲಿತ್ತು ಅಂತ ಅರ್ಥ. ಮುಚ್ಚಿಬಿಡು.

ಪಕ್ಕದ ದಾಳಿಂಬೆ ಹೊಲದವರ ಔಷಧಿ ನನ್ನ ದೊಡ್ಡ ತಲೆನೋವಾಗಿತ್ತು. ಜಗಳ ಆಡಲಿಲ್ಲ. ನೊಣ ಬಂದರೆ ನಿಮ್ಮ ಗಿಡದಲ್ಲೇ ಕಾಯಿ ಹೆಚ್ಚು ಕಟ್ಟೋದು ಅಂದೆ. ಈಗ ಹಿಂದಿನ ದಿನವೇ ಹೇಳ್ತಾರೆ, ನೊಣ ಗೂಡು ಸೇರಿದ ಮೇಲೆ ಸಂಜೆ ಹೊಡೀತಾರೆ.

ತುಪ್ಪ ಎಷ್ಟು ಬಂತು ಅಂತ ಎಲ್ಲರೂ ಕೇಳ್ತಾರೆ, ನೀನೂ ಕೇಳ್ತೀಯ. ತೆಗೆದಿಲ್ಲ. ಹೂವಿಲ್ಲದ ದಿನಗಳಿಗೆ ಅವಕ್ಕೇ ಬೇಕು. ಸಾಲದಿದ್ದರೆ ಸಕ್ಕರೆ, ನೀರು ಸಮಸಮ ಕಲಸಿ ಸಂಜೆ ಒಳಗೇ ಇಡ್ತೀನಿ. ಹೊರಗೆ ಚೆಲ್ಲಿದರೆ ಇರುವೆಗೆ ಊಟ.

ಈಗ ನಿನ್ನಿಂದ ಒಂದು ಮಾತು ಬೇಕು. ಮಳೆಗಾಲ ಮುಗಿದು ತೊಗರಿ ಹೂಬಿಟ್ಟಾಗ ಕುಟುಂಬ ಎರಡು ಮಾಡೋಣ ಅಂತಿದ್ದೀನಿ. ಆದರೆ ಹೊಸ ರಾಣಿ ಹೊರಗೆ ಹಾರಿ ಹೋಗಿ ಬೇರೆ ಗೂಡಿನ ಗಂಡುನೊಣಗಳ ಜೊತೆ ಕೂಡಬೇಕಲ್ಲ, ಸುತ್ತಮುತ್ತ ನನಗೆ ಗೊತ್ತಿರೋ ತುಡುವೆ ಪೆಟ್ಟಿಗೆ ಇನ್ನೊಂದಿಲ್ಲ. ಗುಡ್ಡದ ಪೊಟರೆಗಳಲ್ಲಿ ಇರೋ ಕಾಡು ಕುಟುಂಬಗಳನ್ನ ನಂಬಿ ಮಾಡಲಾ, ಇಲ್ಲ ನೀನು ಬರುವಾಗ ಒಂದು ಪೆಟ್ಟಿಗೆ ತರ್ತೀಯಾ? ರಾತ್ರಿ ಬಸ್ಸಿಗೆ ಹೊರಟರೆ ಬಿಸಿಲೇರೋ ಮೊದಲೇ ಮುಟ್ಟಬಹುದು.