ಫಾಸ್ಟ್ ಅಂದರೆ ಯಾವಾಗಲೂ ಓಟ ಅಲ್ಲ ಮಾರಾಯ

ಪ್ರೀತಿಯ ತಮ್ಮ,

ನೀನು ಕಳಿಸಿದ ಅನುವಾದ ಓದಿದೆ. ಕನ್ನಡ ಸರಾಗವಾಗಿದೆ, ಆ ಬಗ್ಗೆ ಚಿಂತೆ ಬೇಡ. ಆದರೆ 3ನೇ ಪುಟದಲ್ಲಿ ನಗು ತಡೆಯಲಾಗಲಿಲ್ಲ. ಗಾಳಿ ಎದ್ದಿದೆ, ದೋಣಿ ಹೇಗೋ ದಡ ಮುಟ್ಟಿದೆ, ಮುದುಕ ಹಗ್ಗ ಎಸೆದು 'ಮೇಕ್ ಹರ್ ಫಾಸ್ಟ್' ಅಂತ ಕೂಗುತ್ತಾನೆ. ನೀನು ಬರೆದದ್ದು, 'ಅವಳನ್ನು ಬೇಗ ಓಡಿಸು!' ಪಾಪ, ಅವನು ಹೇಳಿದ್ದು ದೋಣಿ ಕಟ್ಟು ಅಂತ. ನೀನು ಅದನ್ನು ಮತ್ತೆ ಸಮುದ್ರಕ್ಕೆ ಅಟ್ಟಿಬಿಟ್ಟೆ. ಆ 'ಹರ್' ಕೂಡ ದೋಣಿಯೇ, ಇಂಗ್ಲಿಷಿನಲ್ಲಿ ದೋಣಿ, ಹಡಗು ಎಲ್ಲ ಹೆಣ್ಣು.

ಫಾಸ್ಟ್‌ನ ಹಳೆಯ ಅರ್ಥವೇ ಅಲ್ಲಾಡದ್ದು, ಬಿಗಿಯಾಗಿ ಹಿಡಿದದ್ದು. ವಿಮಾನದಲ್ಲಿ ಬೆಲ್ಟ್ ಕಟ್ಟಿಕೊಳ್ಳಿ ಅನ್ನುವಾಗ ಬರುವ 'ಫಾಸನ್' ಇದರದ್ದೇ ಮರಿ. ಉಪವಾಸದ ಫಾಸ್ಟ್ ಕೂಡ ಅದೇ ಬೇರಿನದು, ವ್ರತ ಬಿಡದೆ ಹಿಡಿಯೋದು ಅಲ್ವಾ. ವೇಗ ಆಮೇಲೆ ಬಂತು. ಗಟ್ಟಿಯಾಗಿ, ಬಲವಾಗಿ ಅಂತಿದ್ದದ್ದು ಓಡೋದಕ್ಕೂ ಸೇರಿಕೊಂಡು ಕೊನೆಗೆ ಓಟವೇ ಆಗಿಹೋಯಿತು. ನಮ್ಮ 'ಜೋರು' ನೋಡು, ಅದೂ ಮೂಲದಲ್ಲಿ ಬಲವೇ, ಈಗ ಬಸ್ಸೂ ಜೋರಾಗಿ ಹೋಗುತ್ತದೆ.

ಗುರುತು ಹಿಡಿಯೋದು ಅಷ್ಟೇನೂ ಕಷ್ಟವಲ್ಲ. ಕಾರು, ರೈಲು, ಬೌಲರ್ ಇಂಥ ಪದಗಳಿಗಿಂತ ಮೊದಲು ಬಂದರೆ ಹೆಚ್ಚಾಗಿ ವೇಗ. 'ಸ್ಟಕ್ ಫಾಸ್ಟ್', 'ಹೋಲ್ಡ್ ಫಾಸ್ಟ್', 'ದ ಡೋರ್ ವಾಸ್ ಫಾಸ್ಟ್' ಅಂತ ಬಂದರೆ ಹೆಚ್ಚಾಗಿ ಬಿಗಿ. ಮೋಸ ಮಾಡುವವು 'ಫಾಸ್ಟ್ ಕಲರ್', 'ಫಾಸ್ಟ್ ಫ್ರೆಂಡ್ಸ್'. ಹಾಗೇ ಮೊದಲು ನಿಂತಿದ್ದರೂ ಅಲ್ಲಿ ವೇಗ ಇಲ್ಲ.

ಹಾಗಂತ ಎಲ್ಲ ಕಡೆ ಸುಮ್ನೆ 'ಬಿಗಿ' ಅಂತ ಬರೆಯಬೇಡ. ನಾನು ಚಿಕ್ಕವನಿದ್ದಾಗ ಕರು ಕಟ್ಟುವ ಕೆಲಸ ನನ್ನದು. ಗೂಟಕ್ಕೆ ಕಣ್ಣಿ ಎರಡು ಸುತ್ತು ಸುತ್ತಿ ಒಳಗೆ ಓಡುತ್ತಿದ್ದೆ. ಅಪ್ಪ ಬಂದು ಗಂಟನ್ನು ಒಂದು ಸಲ ಎಳೆದು ನೋಡುತ್ತಿದ್ದರು, ಅದು ಕೈಗೇ ಬರುತ್ತಿತ್ತು. 'ಸುತ್ತಿದೀಯ, ಕಟ್ಟಿಲ್ಲ' ಅನ್ನುತ್ತಿದ್ದರು. ಅವರು ಊರಿಗೆ ಹೋಗಿದ್ದ ಒಂದು ರಾತ್ರಿ ಕರು ಪಕ್ಕದ ಮನೆಯ ಅವರೆ ಗಿಡ ಪೂರ್ತಿ ಮೇಯ್ದು ಬಂತು. ಬೈಗುಳ ಇರಲಿ, ನಾನು ಹೇಳೋದು ಅಪ್ಪ ಎಳೆದು ನೋಡುತ್ತಿದ್ದ ಆ ರೀತಿ. ನೀನೂ ಹಾಗೇ ಕೇಳು, ಯಾವುದು ಯಾವುದಕ್ಕೆ ಅಂಟಿದೆ, ಎಳೆದರೆ ಏನಾಗುತ್ತದೆ? ಕನ್ನಡ ಇಂಥ ಕಡೆ ಎಷ್ಟೋ ಸಲ 'ಇಲ್ಲ' ಅಂತಲೇ ಹೇಳುತ್ತದೆ. ಅಂಗಡಿಯವನು ಸೀರೆ ಬಿಡಿಸಿ 'ಬಣ್ಣ ಬಿಡಲ್ಲ ಅಕ್ಕ' ಅನ್ನುತ್ತಾನೆ, 'ಬಿಗಿಯಾದ ಬಣ್ಣ' ಅನ್ನಲ್ಲ. ಗಾಡಿ ಚಕ್ರ ಕೆಸರಲ್ಲಿ ಹೂತುಹೋಗಿದೆ, ಜಪ್ಪಯ್ಯ ಅಂದರೂ ಅಲ್ಲಾಡಲ್ಲ. ಬಾಗಿಲಾದರೆ ಅಗುಳಿ ಹಾಕಿದೆ. ನಿದ್ದೆಯಾದರೆ ಗಾಢ. ಸ್ನೇಹ ಗಟ್ಟಿ.

ಇನ್ನು 14ನೇ ಪುಟದ 'ಫಾಸ್ಟ್ ಅಂಡ್ ಲೂಸ್'. ಹಿಂದೆ ಇಂಗ್ಲೆಂಡಿನಲ್ಲಿ ಬೆಲ್ಟು ಮಡಚಿ ಆಡುವ ಒಂದು ಮೋಸದ ಆಟ ಇತ್ತು. ಮಡಿಕೆಗೆ ಕಡ್ಡಿ ಚುಚ್ಚಿದವನು ಸಿಕ್ಕಿಬಿತ್ತು ಅಂದುಕೊಳ್ಳುತ್ತಾನೆ, ಆಟದವನು ಎಳೆದರೆ ಬೆಲ್ಟು ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಆ ಮಾತು ಬಂದದ್ದು ಅಲ್ಲಿಂದ. 'ಅವನು ಅವಳೊಂದಿಗೆ ವೇಗವಾಗಿ ಸಡಿಲವಾಗಿ ಆಡಿದ' ಅಂತ ಬರೆದಿದ್ದೀಯಲ್ಲ, ಅದನ್ನು ಹೊಡೆದುಹಾಕಿ 'ಅವಳನ್ನು ಆಟ ಆಡಿಸಿದ' ಅಂತ ಹಾಕು. ಉಳಿದ ಪುಟಗಳನ್ನು ಭಾನುವಾರ ನೋಡುತ್ತೇನೆ.

ನಿನ್ನ ಅಣ್ಣ